ಯಾಕುಜಾ ಚಿತ್ರಗಳಲ್ಲಿ ನಿಷ್ಠೆಯ ಲೆಕ್ಕ ಹಿಡಿಯುವ ಬಗೆ

ಜಪಾನಿನ ಯಾಕುಜಾ, ಅಂದರೆ ಸಂಘಟಿತ ಅಪರಾಧ ಗುಂಪುಗಳ ಕುರಿತ ಚಿತ್ರಗಳನ್ನು ಮೊದಲ ಸಲ ನೋಡುವವರು ಅರ್ಧ ಗಂಟೆಯೊಳಗೆ ಗೊಂದಲಕ್ಕೆ ಬೀಳುವುದು ಸಹಜ. ಪಾತ್ರಗಳು ಹಲವು, ಉಡುಪು ಒಂದೇ ಬಗೆಯದು, ನಿನ್ನೆಯ ಗೆಳೆಯ ಇಂದು ಹಗೆ. ಯಾರು ಯಾರನ್ನು ಕೊಂದರೆಂದು ಎಣಿಸುತ್ತಾ ಕೂರದೆ, ಯಾರು ಯಾರಿಗೆ ಋಣಿಯೆಂಬುದನ್ನು ಗಮನಿಸಿದರೆ ಕಥೆಯ ಸಿಕ್ಕು ತಾನಾಗಿ ಬಿಡಿಸಿಕೊಳ್ಳುತ್ತದೆ.

ಅದಕ್ಕಾಗಿ ಮೊದಲು ಹುಡುಕಬೇಕಾದದ್ದು ಸಕಾಜುಕಿ ಎಂಬ, ಸಾಕೆ ಮದ್ಯದ ಬಟ್ಟಲನ್ನು ಹಂಚಿಕೊಳ್ಳುವ ವಿಧಿಯನ್ನು. ಇಲ್ಲಿ ಗುಂಪಿನ ಮುಖ್ಯಸ್ಥನಾದ ಒಯಾಬುನ್ ತಂದೆಯಾಗುತ್ತಾನೆ, ಅನುಯಾಯಿಯಾದ ಕೊಬುನ್ ಮಗನಾಗುತ್ತಾನೆ. ಸೋದರರಾಗುವವರ ನಡುವೆ ಬಟ್ಟಲಿನ ಪ್ರಮಾಣವೇ ಅಂತಸ್ತನ್ನು ಹೇಳುತ್ತದೆ: ಸಮಾನರಾದರೆ ಐದಕ್ಕೆ ಐದು, ಒಬ್ಬ ತುಸು ಹಿರಿಯನಾದರೆ ಆರಕ್ಕೆ ನಾಲ್ಕು. ಈ ದೃಶ್ಯ ಬಂದಾಗ ಚಿತ್ರವನ್ನು ನಿಲ್ಲಿಸಿ, ಸಂಬಂಧಗಳನ್ನು ವಂಶವೃಕ್ಷದಂತೆ ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಒಯಾಬುನ್‌ನ ಕೆಳಗೆ ಎರಡನೇ ಸ್ಥಾನದಲ್ಲಿರುವ ವಾಕಗಾಶಿರಾ ಯಾರೆಂದು ಬೇರೆಯಾಗಿ ಬರೆದಿಡಿ, ಏಕೆಂದರೆ ಉತ್ತರಾಧಿಕಾರದ ಆಸೆಯೂ ಆತಂಕವೂ ಬಹಳ ಸಲ ಅಲ್ಲಿಂದಲೇ ಹೊರಡುತ್ತವೆ.

ನೋಡುವ ಕ್ರಮವೂ ಮುಖ್ಯ. 1960ರ ದಶಕದಲ್ಲಿ ತೋಯೆ ಸಂಸ್ಥೆ ತೆಗೆದ, ಕೆನ್ ತಕಾಕುರಾ ನಟಿಸಿದ ಚಿತ್ರವೊಂದರಿಂದ ಆರಂಭಿಸಿ. ಅಲ್ಲಿ ನಾಯಕ ಅವಮಾನಗಳನ್ನು ನುಂಗಿಕೊಂಡು, ಸಹನೆ ಮೀರಿದಾಗ ಕತ್ತಿ ಹಿಡಿದು ಹೊರಡುತ್ತಾನೆ. ಉಂಡ ಮನೆಗೆ ಎರಡು ಬಗೆಯದವನೆಂಬ ಆದರ್ಶ ಅಲ್ಲಿ ಅಖಂಡವಾಗಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಪೆಟ್ಟಿನ ತೀವ್ರತೆ ತಿಳಿಯುವುದಿಲ್ಲ.

ಆ ಪೆಟ್ಟು ಕಿಂಜಿ ಫುಕಸಾಕು ಅವರ 1973ರ ‘ಬ್ಯಾಟಲ್ಸ್ ವಿಥೌಟ್ ಆನರ್ ಆ್ಯಂಡ್ ಹ್ಯುಮಾನಿಟಿ’. ನನ್ನ ದೃಷ್ಟಿಯಲ್ಲಿ ಈ ಪ್ರಕಾರದ ಅತ್ಯಂತ ಪ್ರಾಮಾಣಿಕ ಚಿತ್ರವಿದು. ಯುದ್ಧಾನಂತರದ ಕುರೆ ನಗರದಲ್ಲಿ, ಕಾಳಸಂತೆಯ ನೂಕುನುಗ್ಗಲಿನ ನಡುವೆ ಕಥೆ ತೊಡಗುತ್ತದೆ. ಬುಂಟಾ ಸುಗವಾರಾ ನಟಿಸಿದ ಹಿರೋನೋ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಕಿರುಬೆರಳನ್ನು ಕತ್ತರಿಸಿಕೊಳ್ಳುವ ದೃಶ್ಯವನ್ನು ಎಚ್ಚರದಿಂದ ನೋಡಿ: ತುಂಡಾದ ಬೆರಳು ಎಲ್ಲಿಗೋ ಹಾರುತ್ತದೆ, ಎಲ್ಲರೂ ಅಂಗಳದಲ್ಲಿ ಹುಡುಕುತ್ತಾರೆ, ಕೊನೆಗೆ ಅದು ಕೋಳಿಗಳ ಬಳಿ ಸಿಗುತ್ತದೆ. ಪವಿತ್ರವೆಂದು ತೋರಿಸಲಾಗುತ್ತಿದ್ದ ವಿಧಿಯ ಘನತೆಯನ್ನು ನಿರ್ದೇಶಕರು ಒಂದೇ ಹೊಡೆತಕ್ಕೆ ಕಿತ್ತುಹಾಕುತ್ತಾರೆ. ಒಯಾಬುನ್ ಯಾಮಮೋರಿ ಕಣ್ಣೀರು ಸುರಿಸಿ ಬೇಡಿಕೊಂಡಾಗಲೆಲ್ಲ, ಅದರ ಬೆಲೆ ತೆತ್ತವರು ಯಾರೆಂದು ಹಾಳೆಯಲ್ಲಿ ಗುರುತಿಸಿ. ಅಪಾಯದ ಕೆಲಸವನ್ನು ಹೊರುವವನು ಪ್ರತಿ ಸಲವೂ ಮಗನ ಸ್ಥಾನದಲ್ಲಿರುವವನೇ. ದ್ರೋಹ ಕೆಳಗಿನಿಂದ ಏಳುತ್ತದೆ ಎಂಬ ನಮ್ಮ ಊಹೆ ಇಲ್ಲಿ ತಲೆಕೆಳಗಾಗುತ್ತದೆ: ಮೇಲಿರುವವನೇ ಮೊದಲು ಮಾತು ಮುರಿಯುತ್ತಾನೆ.

ಬಳಿಕ ತಕೇಶಿ ಕಿತಾನೋ ಅವರ 2010ರ ‘ಔಟ್‌ರೇಜ್’ ನೋಡಿ. ಇಲ್ಲಿ ಆಜ್ಞೆ ಇಳಿಯುವ ದಾರಿಯನ್ನೇ ಹಿಡಿದು ಹೋಗಬೇಕು. ಕೂಟದ ಅಧ್ಯಕ್ಷನ ಆಜ್ಞೆ ಅವನ ಕೆಳಗಿನ ನಾಯಕ ಇಕೆಮೊಟೊಗೆ ಬರುತ್ತದೆ; ಜೈಲಿನಲ್ಲಿ ಸೋದರತ್ವದ ಮಾತು ಕೊಟ್ಟವನ ಮೇಲೆಯೇ ಕೈಮಾಡಬೇಕಾದ ಇಕೆಮೊಟೊ ಅದನ್ನು ತನ್ನ ಕೆಳಗಿನ ಒಟೋಮೋಗೆ ದಾಟಿಸುತ್ತಾನೆ. ಯಾರ ಕೈಗೂ ಮಸಿ ಹತ್ತದಂತೆ ಕೆಲಸ ಕೆಳಗಿಳಿಯುವ ಈ ಪರಿಯನ್ನು ಗುರುತಿಸಿದ ಮೇಲೆ, ಗುಂಡಿನ ಸದ್ದಿಗಿಂತ ಸಭೆಯ ಕೋಣೆಯಲ್ಲಿ ಯಾರು ಯಾವ ಕಡೆ ಕೂತಿದ್ದಾರೆ, ಯಾರು ಯಾರ ಮುಖ ನೋಡದೆ ಉತ್ತರಿಸುತ್ತಿದ್ದಾರೆ ಎಂಬುದರ ಕಡೆಗೇ ಕಣ್ಣಿಡಿ.