ಇಮ್ಯಾಕ್ಸ್‌ನಲ್ಲಿ ಎರಡು ಕನ್ನಡ ಕರಡುಗಳನ್ನು ಹೋಲಿಸುವುದು ಹೇಗೆ?

ನಿಮ್ಮ ಲೇಖನವನ್ನು ಯಾರೋ ತಿದ್ದಿ ವಾಪಸ್ ಕಳಿಸಿದ್ದಾರೆ, ಎಲ್ಲೆಲ್ಲಿ ತಿದ್ದಿದ್ದಾರೆ ಅಂತ ಹೇಳಿಲ್ಲ. ಬರೀ ಸಾಲು ಸಾಲಾಗಿ ಹೋಲಿಸುವ ತಂತ್ರಾಂಶಕ್ಕೆ ಕೊಟ್ಟರೆ ಒಂದು ಅಲ್ಪವಿರಾಮ ಬದಲಾಗಿದ್ದರೂ ಇಡೀ ಪ್ಯಾರಾನೇ ಬೇರೆ ಅನ್ನುತ್ತದೆ. ಪ್ರೋಗ್ರಾಂ ಬರೆಯುವವರ ಸಾಲುಗಳು ಚಿಕ್ಕವು, ನಮ್ಮಲ್ಲಿ ಒಂದು ಪ್ಯಾರಾ ಅಂದರೆ ಒಂದೇ ಉದ್ದ ಸಾಲು, ಅಲ್ವಾ? ಇಮ್ಯಾಕ್ಸ್ ಅನ್ನುವ ಪಠ್ಯ ಬರೆದು ತಿದ್ದುವ ತಂತ್ರಾಂಶದ ‘ಕಂಪೇರ್-ವಿಂಡೋಸ್’ ಆಜ್ಞೆ ಹಾಗಲ್ಲ, ಅಕ್ಷರ ಅಕ್ಷರವಾಗಿ ನೋಡುತ್ತದೆ. ಆದರೆ ಕನ್ನಡಕ್ಕೆ ಅದನ್ನು ಸ್ವಲ್ಪ ಹದ ಮಾಡಿಕೊಳ್ಳಬೇಕು.

ಮೊದಲು ಹಳೆಯ ಕರಡು ತೆರೆಯಿರಿ. ಕಂಟ್ರೋಲ್-ಎಕ್ಸ್ ಒತ್ತಿ 3 ಒತ್ತಿದರೆ ಪರದೆ ಪಕ್ಕಪಕ್ಕ ಎರಡು ಕಿಟಕಿಗಳಾಗಿ ಒಡೆಯುತ್ತದೆ. ಕಂಟ್ರೋಲ್-ಎಕ್ಸ್ ಆದಮೇಲೆ ಓ ಒತ್ತಿ ಆ ಕಡೆ ಹೋಗಿ, ಹೊಸ ಕರಡು ತೆರೆಯಿರಿ. ಎರಡರಲ್ಲೂ ಕರ್ಸರ್ ಶುರುವಿನಲ್ಲಿರಲಿ, ಯಾಕಂದರೆ ಹೋಲಿಕೆ ಶುರುವಾಗುವುದು ಕರ್ಸರ್ ಇರುವ ಜಾಗದಿಂದಲೇ. ಈಗ ಆಲ್ಟ್-ಎಕ್ಸ್ ಒತ್ತಿ ಕಂಪೇರ್-ವಿಂಡೋಸ್ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಎರಡೂ ಕರ್ಸರ್‌ಗಳು ಓಡಿ ಮೊದಲ ವ್ಯತ್ಯಾಸದ ಹತ್ತಿರ ನಿಲ್ಲುತ್ತವೆ. ಇನ್ನೊಮ್ಮೆ ಕೊಟ್ಟರೆ ಬೇರೆಯಾಗಿರುವ ಭಾಗಕ್ಕೆ ಬಣ್ಣ ಹಚ್ಚಿ, ಪಠ್ಯ ಮತ್ತೆ ಎಲ್ಲಿ ಕೂಡಿಕೊಳ್ಳುತ್ತದೋ ಅಲ್ಲಿಗೆ ಜಿಗಿಯುತ್ತವೆ.

ಮೂರು ಕಿಟಕಿ ತೆರೆದಿದ್ದರೆ ಯಾವುದರ ಜೊತೆ ಹೋಲಿಕೆ? ಈಚಿನ ಆವೃತ್ತಿಗಳಲ್ಲಿ ನೀವು ಸ್ವಲ್ಪ ಮುಂಚೆ ಇದ್ದ ಕಿಟಕಿಯ ಜೊತೆ.

ಇನ್ನು ಹದ ಮಾಡುವ ಕೆಲಸ. ಆಲ್ಟ್-ಎಕ್ಸ್ ಒತ್ತಿ ಕಸ್ಟಮೈಸ್-ಗ್ರೂಪ್ ಅಂತ ಕೊಡಿ, ಗುಂಪಿನ ಹೆಸರು ಕೇಳಿದಾಗ ಕಂಪೇರ್-ವಿಂಡೋಸ್ ಅನ್ನಿ. ಎಲ್ಲ ಆಯ್ಕೆಗಳೂ ಒಂದೇ ಪುಟದಲ್ಲಿ ಸಿಗುತ್ತವೆ, ಕೋಡ್ ಬರೆಯುವ ತಾಪತ್ರಯವೇ ಇಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಸಿಂಕ್-ಸ್ಟ್ರಿಂಗ್-ಸೈಜ್. ವ್ಯತ್ಯಾಸ ದಾಟಿದ ಮೇಲೆ ಪಠ್ಯ ಮತ್ತೆ ಹೊಂದಿತು ಅಂತ ಒಪ್ಪಿಕೊಳ್ಳಲು ಎಷ್ಟು ಉದ್ದದ ತುಣುಕು ಸೇರಬೇಕು ಅನ್ನುವುದು ಇಲ್ಲಿದೆ, ಮೊದಲಿಂದ ಇರುವ ಬೆಲೆ 32. ಇಂಗ್ಲಿಷಿಗೆ ಅದು ಸರಿ. ನಮ್ಮಲ್ಲಿ ‘ವಿಶ್ವವಿದ್ಯಾಲಯ’ ನೋಡಲು ಆರು ಅಕ್ಷರ, ಆದರೆ ವ್ಯಂಜನ, ಗುಣಿತದ ಚಿಹ್ನೆ, ವಿರಾಮ ಎಲ್ಲವನ್ನೂ ಬೇರೆ ಬೇರೆ ಎಣಿಸುವ ಇಮ್ಯಾಕ್ಸ್‌ಗೆ ಅದು 13. ಹಾಗಾಗಿ 32 ಅಂದರೆ ಮೂರ್ನಾಲ್ಕು ಪದ ಅಷ್ಟೇ, ಆದರೂ ಕರಡು ತಿದ್ದುವವರು ಒಂದೇ ವಾಕ್ಯದಲ್ಲಿ ಎರಡು ಕಡೆ ಕೈ ಆಡಿಸಿದ್ದರೆ ಆ ಎರಡೂ ಸೇರಿ ಒಂದೇ ದೊಡ್ಡ ಬಣ್ಣದ ಪಟ್ಟಿಯಾಗಿಬಿಡಬಹುದು. 16ಕ್ಕೆ ಇಳಿಸಿ ನೋಡಿ. ತುಂಬ ಕಡಿಮೆ ಮಾಡಿದರೆ ‘ಮಾಡುತ್ತಿದ್ದರು’ ಥರದ ಪದೇ ಪದೇ ಬರುವ ಪದ ಸಿಕ್ಕಿದಲ್ಲೇ ತಪ್ಪಾಗಿ ಹೊಂದಿಸಿಕೊಳ್ಳುತ್ತದೆ.

ಇಗ್ನೋರ್-ವೈಟ್‌ಸ್ಪೇಸ್ ಆನ್ ಮಾಡಿ. ಸಾಲು ಬೇರೆ ಕಡೆ ಮುರಿದಿದ್ದರೆ, ಎರಡು ಪದಗಳ ನಡುವೆ ಜಾಗ ಜಾಸ್ತಿಯಿದ್ದರೆ ಅದನ್ನು ಬಿಟ್ಟುಬಿಡುತ್ತದೆ. ಹೈಲೈಟ್‌ನಲ್ಲಿ ಪರ್ಸಿಸ್ಟೆಂಟ್ ಆರಿಸಿದರೆ ಹಿಂದಿನ ವ್ಯತ್ಯಾಸಗಳ ಬಣ್ಣವೂ ಹಾಗೇ ಉಳಿಯುತ್ತದೆ. ಅಳಿಸಲು ಕಂಪೇರ್-ವಿಂಡೋಸ್-ಡಿಹೈಲೈಟ್ ಆಜ್ಞೆಯಿದೆ. ರೀಸೆಂಟರ್‌ನ ಎರಡು ಜಾಗದಲ್ಲೂ ಬ್ರಾಕೆಟ್ ಸಮೇತ (4) ಅಂತ ತುಂಬಿ, ಆಗ ಹೋಲುವ ಸಾಲುಗಳು ಎರಡೂ ಕಿಟಕಿಗಳ ನಡುಮಧ್ಯೆ ಬಂದು ನಿಲ್ಲುತ್ತವೆ. ಆಮೇಲೆ ಅಪ್ಲೈ ಅಂಡ್ ಸೇವ್ ಒತ್ತಿ.

ಇಷ್ಟಾದರೂ ಕೆಲವು ಕಡೆ ಕರ್ಸರ್ ನಿಲ್ಲುತ್ತದೆ, ಕಣ್ಣಿಗೆ ಮಾತ್ರ ಎರಡೂ ಒಂದೇ. ಕನ್ನಡದವರಿಗೆ ನಿಜವಾದ ತಲೆನೋವು ಇದು. ‘ಕೊ’ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ‘ಕೆ’ಯ ಎತ್ವ ಮತ್ತು ‘ಕೂ’ವಿನ ಊತ್ವ ಒಂದರ ಹಿಂದೊಂದು ಬರುವಂತೆಯೂ ಇಡಬಹುದು, ಯೂನಿಕೋಡ್ ಎರಡನ್ನೂ ಒಪ್ಪುತ್ತದೆ. ಪದದ ಕೊನೆಯ ಅರ್ಧಾಕ್ಷರದ ಹಿಂದೆ ಕಣ್ಣಿಗೆ ಕಾಣದ ನಾನ್-ಜಾಯ್ನರ್, ಅಂದರೆ ಮುಂದಿನ ಅಕ್ಷರ ಒತ್ತಾಗಿ ಸೇರದಂತೆ ತಡೆಯುವ ಚಿಹ್ನೆ, ಕೂತಿರುವುದೂ ಉಂಟು. ಅನುಮಾನ ಬಂದ ಕಡೆ ಆಟೋ-ಕಂಪೋಸಿಷನ್-ಮೋಡ್ ಆಜ್ಞೆ ಕೊಟ್ಟು ಜೋಡಣೆ ಆಫ್ ಮಾಡಿ, ಚಿಹ್ನೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅವುಗಳಲ್ಲಿ ಒಂದರ ಮೇಲೆ ಕರ್ಸರ್ ಇಟ್ಟು ಡಿಸ್ಕ್ರೈಬ್-ಚಾರ್ ಕೊಟ್ಟರೆ ಅದು ಏನು, ಅದರ ಸಂಖ್ಯೆ ಎಷ್ಟು ಅನ್ನುವುದೆಲ್ಲ ಬರುತ್ತದೆ.

ಪರಿಹಾರ ಕಷ್ಟವಿಲ್ಲ. ಎರಡೂ ಕರಡುಗಳ ಪ್ರತಿ ಮಾಡಿಕೊಳ್ಳಿ. ಪ್ರತಿಯಲ್ಲಿ ಕಂಟ್ರೋಲ್-ಎಕ್ಸ್ ಒತ್ತಿ ಎಚ್ ಒತ್ತಿದರೆ ಎಲ್ಲ ಆಯ್ಕೆಯಾಗುತ್ತದೆ, ಆಮೇಲೆ ಯುಸಿಎಸ್-ನಾರ್ಮಲೈಜ್-ಎನ್‌ಎಫ್‌ಸಿ-ರೀಜನ್ ಕೊಡಿ, ‘ಕೊ’ಗಳೆಲ್ಲ ಒಂದೇ ರೂಪಕ್ಕೆ ಬರುತ್ತವೆ. ನಾನ್-ಜಾಯ್ನರ್ ತೆಗೆಯಲು ಕರ್ಸರನ್ನು ಫೈಲಿನ ಮೊದಲಿಗೆ ತಂದು ರಿಪ್ಲೇಸ್-ಸ್ಟ್ರಿಂಗ್ ಕೊಡಿ. ಏನನ್ನು ಬದಲಿಸಬೇಕು ಅಂತ ಕೇಳಿದಾಗ ಕಂಟ್ರೋಲ್-ಎಕ್ಸ್, 8, ಎಂಟರ್ ಒತ್ತಿ 200ಸಿ ಅಂತ (ಸಿ ಇಂಗ್ಲಿಷ್ ಅಕ್ಷರ) ಟೈಪ್ ಮಾಡಿ ಎರಡು ಸಲ ಎಂಟರ್ ಒತ್ತಿ, ಬದಲಿಗೆ ಏನು ಅಂತ ಕೇಳಿದಾಗ ಏನೂ ಕೊಡದೆ ಮತ್ತೆ ಎಂಟರ್ ಒತ್ತಿ. ಆದರೆ ಇದನ್ನು ಮೂಲ ಕರಡಿನಲ್ಲಿ ಮಾಡಲೇಬೇಡಿ, ‘ಸಾಫ್ಟ್‌ವೇರ್’ ಥರದ ಪದಗಳು ಸರಿಯಾಗಿ ಕಾಣಬೇಕಾದರೆ ಅದು ಅಲ್ಲಿರಲೇಬೇಕು.

ಪ್ರತಿ ಸಲ ಇಷ್ಟುದ್ದ ಹೆಸರು ಟೈಪ್ ಮಾಡುವುದು ಬೇಡ ಅನಿಸಿದರೆ ಗ್ಲೋಬಲ್-ಸೆಟ್-ಕೀ ಕೊಟ್ಟು, ಎಫ್9 ಒತ್ತಿ, ಕಂಪೇರ್-ವಿಂಡೋಸ್ ಅನ್ನಿ. ಇಮ್ಯಾಕ್ಸ್ ಮುಚ್ಚುವ ತನಕ ಒಂದೇ ಕೀಲಿಯಲ್ಲಿ ವ್ಯತ್ಯಾಸದಿಂದ ವ್ಯತ್ಯಾಸಕ್ಕೆ ಹೋಗುತ್ತಿರಬಹುದು.