ಮೊದಲು ಕಿವಿ, ಆಮೇಲೆ ಕಣ್ಣು: ಪಾಪ್ ಸಿಂಗಲ್ಸ್ ಮತ್ತೆ ಅವುಗಳ ವಿಡಿಯೋ ಬಗ್ಗೆ ನಾನು ರಿವ್ಯೂ ಬರೆಯೋ ರೀತಿ

ಪಾಪ್ ಸಿಂಗಲ್ಸ್‌ಗೆ, ಅಂದ್ರೆ ಒಂದೊಂದೇ ಹಾಡಾಗಿ ಬಿಡೋ ಪಾಪ್ ಹಾಡುಗಳಿಗೆ, ರಿವ್ಯೂ ಬರೀತೀನಿ ಅಂದ್ರೆ ಸಾಕು, ಮೂರೂವರೆ ನಿಮಿಷದ ಹಾಡಲ್ಲಿ ಬರೆಯೋಕೆ ಅಂಥದ್ದೇನಿರುತ್ತೆ ಅಂತ ಕೇಳೇ ಕೇಳ್ತಾರೆ. ಇರುತ್ತೆ, ಬೇಕಾದಷ್ಟು ಇರುತ್ತೆ. ಮೂರೂವರೆ ನಿಮಿಷದಲ್ಲಿ ಒಬ್ಬ ಗುರುತು ಪರಿಚಯ ಇಲ್ಲದ ಮನುಷ್ಯನ್ನ ನಿಲ್ಲಿಸಿ ಕೇಳಿಸಬೇಕು, ಮತ್ತೆ ಅವನು ನಾಳೆ ಬಸ್ಸಲ್ಲಿ ಕೂತಾಗ ತನಗೇ ಗೊತ್ತಿಲ್ಲದೆ ಅದನ್ನ ಗುನುಗಬೇಕು ಅಂದ್ರೆ ಅದು ಸಣ್ಣ ಕೆಲಸ ಅಲ್ಲ, ಅದನ್ನ ಹೇಗೆ ಮಾಡಿದ್ರು ಅಂತ ಬಿಡಿಸಿ ನೋಡೋದೂ ಸಣ್ಣ ಕೆಲಸ ಅಲ್ಲ. ಈಚೆಗೆ ಒಂದಿಬ್ಬರು ಹುಡುಗರು ನಾವೂ ಬರೀಬೇಕು, ನೀವು ಹೇಗೆ ಬರೀತೀರ ಹೇಳಿ ಅಂತ ಕೇಳಿದ್ರು, ಅದಕ್ಕೇ ಇದು.

ನನ್ನದು ಒಂದೇ ಹಠ. ಸಿಂಗಲ್ ಬೇರೆ, ವಿಡಿಯೋ ಬೇರೆ. ಎರಡನ್ನೂ ಬೇರೆ ಬೇರೆ ತೂಗಿ ಆಮೇಲೆ ಒಟ್ಟಿಗೆ ನೋಡಬೇಕು. ಈಗ ಹೊಸ ಹಾಡು ಬಂತು ಅಂದ್ರೆ ಎಲ್ಲರ ಕೈಗೂ ಮೊದಲು ಬರೋದು ಯೂಟ್ಯೂಬ್ ಲಿಂಕೇ, ಆದ್ರೆ ನಾನು ಅದನ್ನ ಓಪನ್ ಮಾಡಲ್ಲ, ಥಂಬ್‌ನೇಲ್ ಕೂಡ ನೋಡದೇ ಇರೋಕೆ ಟ್ರೈ ಮಾಡ್ತೀನಿ, ಸ್ಪಾಟಿಫೈನಲ್ಲೋ ಇನ್ನೆಲ್ಲೋ ಬರೀ ಆಡಿಯೋ ಹುಡುಕಿ ಫೋನ್ ಮಗುಚಿ ಇಟ್ಟು ಹೆಡ್‌ಫೋನ್ ಹಾಕ್ಕೊಂಡು ಕೇಳ್ತೀನಿ. ಯಾಕಂದ್ರೆ ಒಂದ್ಸಲ ಚಿತ್ರ ಕಣ್ಣೊಳಗೆ ಹೋಯ್ತು ಅಂದ್ರೆ ಆಮೇಲೆ ಆ ಹಾಡನ್ನ ಬರೀ ಹಾಡಾಗಿ ಕೇಳೋಕೆ ಆಗೋದೇ ಇಲ್ಲ, ಆ ಬಟ್ಟೆ, ಆ ಲೊಕೇಶನ್ನು, ಆ ಮುಖ ಎಲ್ಲಾ ಕಿವಿಯಲ್ಲೇ ಕೂತ್ಬಿಡುತ್ತೆ.

ಕೇಳೋವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತೆ. ದನಿ ಎಷ್ಟನೇ ಸೆಕೆಂಡಿಗೆ ಬಂತು, ಕೋರಸ್, ಅಂದ್ರೆ ಪಲ್ಲವಿ ಥರ ತಿರುಗಿ ತಿರುಗಿ ಬರೋ ಭಾಗ, ಮೊದಲ ಸಲ ಯಾವಾಗ ಬಂತು, ಎರಡನೇ ಸಲ ಬಂದಾಗ ಹೊಸದೇನಾದ್ರೂ ಸೇರಿದೆಯಾ ಇಲ್ಲಾ ಕಾಪಿ ಪೇಸ್ಟಾ, ಬೇಸ್ ಮತ್ತೆ ಕಿಕ್ ಡ್ರಮ್ (ಕಾಲಲ್ಲಿ ಬಾರಿಸೋ ದಪ್ಪ ಸದ್ದಿನ ಡ್ರಮ್) ಒಂದಕ್ಕೊಂದು ಜಾಗ ಬಿಟ್ಟುಕೊಡ್ತಿವೆಯಾ, ಕೊನೇ ಕೋರಸ್‌ಗೆ ಮುಂಚೆ ಉಸಿರು ತಗೊಳ್ಳೋಕೆ ಒಂದು ಖಾಲಿ ಜಾಗ ಇಟ್ಟಿದಾರಾ, ಇಷ್ಟು ಬರ್ಕೋತೀನಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕಕ್ಕೆ ಬರೋದು, ಹಾಗಾಗಿ ಈಗಿನ ಎಷ್ಟೋ ಹಾಡುಗಳು ಮೊದಲ ಅರ್ಧ ನಿಮಿಷದಲ್ಲೇ ತಮ್ಮ ಹತ್ರ ಇರೋದನ್ನೆಲ್ಲಾ ಸುರಿದುಬಿಡ್ತವೆ, ಆಮೇಲಿನ ಎರಡು ನಿಮಿಷಕ್ಕೆ ಏನೂ ಉಳಿದಿರಲ್ಲ. ಇದು ನನಗೆ ಬೇಜಾರಿನ ವಿಷಯ. ಅದಕ್ಕೇ ರಿವ್ಯೂನಲ್ಲಿ ಎರಡನೇ ಚರಣದ ಬಗ್ಗೆ ಒಂದು ಮಾತಾದ್ರೂ ಬರೆದೇ ಬರೀತೀನಿ, ಹಾಡು ಕಟ್ಟಿದವರ ಶ್ರದ್ಧೆ ಗೊತ್ತಾಗೋದು ಅಲ್ಲೇ.

ಆಮೇಲೆ ಅದೇ ಹಾಡನ್ನ ಫೋನಿನ ಸ್ಪೀಕರಲ್ಲಿ, ಅಡುಗೆ ಮಾಡ್ತಾ, ಮಿಕ್ಸಿ ಸದ್ದು ಪ್ರೆಶರ್ ಕುಕ್ಕರ್ ಸದ್ದಿನ ಮಧ್ಯೆ. ಬೇಸ್ ಪೂರ್ತಿ ಹೋಗ್ಬಿಡುತ್ತೆ. ಆಗ ಉಳಿಯೋದು ರಾಗ, ದನಿ, ಮಾತು ಅಷ್ಟೇ. ಅಲ್ಲೂ ನಿಂತ್ರೆ ಗಟ್ಟಿ ಹಾಡು.

ಒಂದು ಉದಾಹರಣೆ ಇಟ್ಕೊಂಡು ಹೇಳ್ತೀನಿ, ಬರೆಯೋದು ಕಲಿಯೋರಿಗೆ ನಾನು ಯಾವಾಗ್ಲೂ ಕೊಡೋದು ಇದೇ. ನಾರ್ವೆಯ ಆ-ಹಾ ಬ್ಯಾಂಡಿನ ಟೇಕ್ ಆನ್ ಮಿ. ಇದು 1984ರಲ್ಲೇ ಒಂದ್ಸಲ ರಿಲೀಸ್ ಆಗಿತ್ತು, ಓಡಲಿಲ್ಲ. ಆಗಿನ ವಿಡಿಯೋದಲ್ಲಿ ನೀಲಿ ಹಿನ್ನೆಲೆ ಮುಂದೆ ಬ್ಯಾಂಡಿನವರು ಹಾಡ್ತಾರೆ ಅಷ್ಟೇ. ಆಮೇಲೆ ಅಲನ್ ಟಾರ್ನಿ ಅನ್ನೋ ನಿರ್ಮಾಪಕರ ಜೊತೆ ಹಾಡನ್ನ ಮತ್ತೆ ರೆಕಾರ್ಡ್ ಮಾಡಿದ್ರು, 1985ರಲ್ಲಿ ಸ್ಟೀವ್ ಬ್ಯಾರನ್ ಹೊಸ ವಿಡಿಯೋ ಮಾಡಿದ್ರು, ಮೈಕಲ್ ಜಾಕ್ಸನ್ನಿನ ಬಿಲ್ಲಿ ಜೀನ್ ವಿಡಿಯೋ ಮಾಡಿದ್ದೂ ಇದೇ ಬ್ಯಾರನ್. ಶೂಟ್ ಮಾಡಿದ ಚಿತ್ರದ ಮೇಲೆ ಫ್ರೇಮ್ ಫ್ರೇಮಿಗೂ ಪೆನ್ಸಿಲಲ್ಲಿ ಬರೆಯೋದು, ಸುಮಾರು 3000 ಫ್ರೇಮು, 16 ವಾರದ ಕೆಲಸ. ಆ ವರ್ಷ ಅಕ್ಟೋಬರಲ್ಲಿ ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯ್ತು, ಮಾರನೇ ವರ್ಷ ಎಂಟಿವಿಯವರ ಆರು ಅವಾರ್ಡ್ ಬಂತು.

ಈಗ ಇದನ್ನ ಹೇಗೆ ಬರೀಬೇಕು? ಪೆನ್ಸಿಲ್ ಚಿತ್ರ ಸೂಪರ್ ಅಂತ ಬರೆದ್ರೆ ಅದು ರಿವ್ಯೂ ಅಲ್ಲ. ಮೊದಲು ಕಣ್ಣು ಮುಚ್ಚಿ ಹಾಡು ಕೇಳಿ. ಕೋರಸ್ ತುಂಬಾ ಕೆಳಗಿನ ಸ್ವರದಲ್ಲಿ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿ ಹೋಗಿ, ಕೊನೇಲಿ ಗಾಯಕ ಮಾರ್ಟನ್ ಹಾರ್ಕೆಟ್ ದನಿ ಕಳ್ಳದನಿಗೆ (ಫಾಲ್ಸೆಟೋ) ಜಿಗಿಯುತ್ತೆ, ಎರಡೂವರೆ ಸ್ಥಾಯಿಗಿಂತ ಜಾಸ್ತಿ ದೂರ. ಮಾತು ಏನು ಹೇಳ್ತಿದೆ? ನನ್ನನ್ನ ಒಪ್ಪಿಕೋ, ಒಂದೆರಡು ದಿನದಲ್ಲಿ ನಾನು ಇರಲ್ಲ. ಅಂದ್ರೆ ಮಾಯವಾಗೋಕೆ ಮುಂಚೆ ಕೈ ಚಾಚೋ ಹಾಡು ಅದು, ಕೀಬೋರ್ಡಿನ ಕುಣಿಯೋ ರಿಫ್ (ತಿರುಗಿ ತಿರುಗಿ ಬರೋ ಸಣ್ಣ ರಾಗದ ತುಣುಕು) ಕೆಳಗೆ ಆ ಆತಂಕ ಮುಚ್ಚಿಹೋಗಿದೆ. ಆಮೇಲೆ ವಿಡಿಯೋ ನೋಡಿ. ಕೆಫೆಯಲ್ಲಿ ಹುಡುಗಿ ಕಾಮಿಕ್ಸ್ ಓದ್ತಿದಾಳೆ, ಪುಟದೊಳಗಿರೋ ಹುಡುಗನ ಕೈ ಹೊರಗೆ ಬರುತ್ತೆ, ಅವಳು ಒಳಗೆ ಹೋಗ್ತಾಳೆ, ಈ ಕಡೆ ಸಪ್ಲೈಯರ್ ಹೆಂಗಸು ದುಡ್ಡು ಕೊಡದೇ ಎದ್ದು ಹೋದ್ಲು ಅಂತ ಸಿಟ್ಟಲ್ಲಿ ಆ ಕಾಮಿಕ್ಸನ್ನೇ ಮುದುಡಿ ಕಸದ ಬುಟ್ಟಿಗೆ ಎಸೀತಾಳೆ. ಕಾಗದದ ಮೇಲಿರೋ ಮನುಷ್ಯನ್ನ ಯಾರು ಬೇಕಾದ್ರೂ ಮುದುಡಿ ಹಾಕಬಹುದು. ಹಾಡಲ್ಲಿ ಮುಚ್ಚಿಹೋಗಿದ್ದ ಆತಂಕವನ್ನ ವಿಡಿಯೋ ಮೇಲಕ್ಕೆ ತಂದಿದೆ, ಕೋರಸ್‌ನಲ್ಲಿ ದನಿ ಹತ್ತೋಕೆ ಒದ್ದಾಡೋ ಹಾಗೇ ಕೊನೇಲಿ ಅವನು ಗೋಡೆಗೆ ಮೈ ಬಡೀತಾ ಚಿತ್ರದಿಂದ ಮನುಷ್ಯ ಆಗೋಕೆ ಒದ್ದಾಡ್ತಾನೆ. ನನ್ನ ರಿವ್ಯೂ ಇರಬೇಕಾದ್ದು ಆ ಜಾಗದಲ್ಲಿ. ಹಾಡಿಗೆ ವಿಡಿಯೋ ಏನು ಮಾಡಿತು ಅನ್ನೋದು.

ಕಣ್ಣಿನ ಸರದಿ ಬಂದಾಗ ಮೊದಲ ಸಲ ಮ್ಯೂಟ್ ಮಾಡಿ ನೋಡ್ತೀನಿ. ಮನೆಯವರು ಇದೇನು ಹುಚ್ಚು ಅಂತಾರೆ, ಆದ್ರೆ ಇದರಿಂದ ಗೊತ್ತಾಗೋಷ್ಟು ಬೇರೆ ಯಾವುದರಿಂದಲೂ ಗೊತ್ತಾಗಲ್ಲ. ಬೀಟ್ ಜೋರಾಗಿದ್ರೆ ಎಂಥಾ ಸಪ್ಪೆ ಶಾಟ್ ಕೂಡ ಚುರುಕಾಗಿ ಕಾಣುತ್ತೆ, ಸದ್ದು ತೆಗೆದ ತಕ್ಷಣ ಬಂಡವಾಳ ಗೊತ್ತಾಗುತ್ತೆ. ಎಷ್ಟೋ ವಿಡಿಯೋಗಳಲ್ಲಿ ಸೆಕೆಂಡಿಗೊಂದು ಕಟ್, ಕಾರು, ಡ್ರೋನ್ ಶಾಟ್, ಹೊಗೆ, ಮತ್ತೆ ಕಾರು, ಸದ್ದಿಲ್ಲದೆ ಎರಡು ನಿಮಿಷ ನೋಡೋಕಾಗಲ್ಲ.

ಬಿಯಾನ್ಸೆಯ ಸಿಂಗಲ್ ಲೇಡೀಸ್, 2008ರದ್ದು, ಜೇಕ್ ನಾವಾ ನಿರ್ದೇಶನ, ಅದನ್ನ ಮ್ಯೂಟ್ ಮಾಡಿ ನೋಡಿ. ಕಪ್ಪು ಬಿಳುಪು, ಮೂರು ಜನ ಹೆಂಗಸರು, ಹಿಂದೆ ಏನೂ ಇಲ್ಲ. ಆದ್ರೂ ಚಪ್ಪಾಳೆ ಬೀಟು ಕೇಳಿಸುತ್ತೆ, ಭುಜ ಸೊಂಟ ಹೆಜ್ಜೆಯಲ್ಲೇ ತಾಳ ಇದೆ. ಹಾಡೇನೋ ಬೆರಳಿಗೆ ಉಂಗುರ ತೊಡಿಸದೇ ಬಿಟ್ಟವನ ಬಗ್ಗೆ, ವಿಡಿಯೋದಲ್ಲಿ ಬಾರಿ ಬಾರಿಗೂ ಕಣ್ಣು ಹೋಗೋದು ಮಗುಚಿ ತೋರಿಸೋ ಆ ಕೈಗೆ, ಬಿಯಾನ್ಸೆಯ ಎಡಗೈಗೆ ಲೋಹದ ಕೈಗವಸು ಬೇರೆ. ಆ ಕುಣಿತದ ಬೇರು ಬಾಬ್ ಫಾಸಿ 1969ರಲ್ಲಿ ಸಂಯೋಜಿಸಿದ ಒಂದು ನೃತ್ಯದಲ್ಲಿದೆ, ಅದರಲ್ಲೂ ಮೂವರೇ. ಇಂಥಾ ಋಣ ಇದ್ರೆ ರಿವ್ಯೂನಲ್ಲಿ ಹೇಳಲೇಬೇಕು. ಕದ್ದಿದಾರೆ ಅಂತ ಕೂಗೋದಕ್ಕಲ್ಲ, ಎಲ್ಲಿಂದ ತಗೊಂಡ್ರು, ತಗೊಂಡು ಏನು ಮಾಡಿದ್ರು ಅಂತ ಓದುಗರಿಗೆ ಗೊತ್ತಾಗಲಿ ಅಂತ. ಡೈರೆಕ್ಟರು, ಕೊರಿಯೋಗ್ರಾಫರು, ಸಿಕ್ಕರೆ ಎಡಿಟರ್ ಹೆಸರು ಕೂಡ ನಾನು ಹಾಕ್ತೀನಿ, ವಿಡಿಯೋ ಅಂದ್ರೆ ಹಾಡಿದವರದ್ದಷ್ಟೇ ಅನ್ನೋ ಥರ ಬರೆಯೋದು ಅನ್ಯಾಯ.

ಇದಕ್ಕೆ ಪೂರ್ತಿ ವಿರುದ್ಧ 1990ರ ನಥಿಂಗ್ ಕಂಪೇರ್ಸ್ ಟು ಯು. ಅಮೆರಿಕದ ಗಾಯಕ ಪ್ರಿನ್ಸ್ ಬರೆದ ಹಾಡು, ಶಿನೇಡ್ ಓ'ಕಾನರ್ ಹಾಡಿದ್ದು, ಜಾನ್ ಮೇಬರಿ ನಿರ್ದೇಶನ. ಹೆಚ್ಚಿನ ಹೊತ್ತು ಒಂದು ಮುಖ, ಕಪ್ಪು ಬಟ್ಟೆ, ಕಪ್ಪು ಹಿನ್ನೆಲೆ. ತಾಯಿಯ ಮಾತು ಬರೋ ಸಾಲಲ್ಲಿ ಕಣ್ಣೀರು ಬರುತ್ತೆ, ತೀರಿಹೋದ ತಾಯಿ ನೆನಪಾಗಿ ಬಂದದ್ದು ಅಂತ ಆಕೆಯೇ ಹೇಳಿದ್ರು. ಮ್ಯೂಟ್ ಮಾಡಿ ನೋಡಿದ್ರೆ ಆಕೆ ಯಾವಾಗ ಕ್ಯಾಮೆರಾ ನೋಡ್ತಾರೆ ಯಾವಾಗ ಕಣ್ಣು ಕೆಳಗೆ ಹಾಕ್ತಾರೆ ಅನ್ನೋದೇ ಕಥೆ. ಬಜೆಟ್ ಜಾಸ್ತಿ ಇದ್ರೆ ವಿಡಿಯೋ ಚೆನ್ನಾಗಿರುತ್ತೆ ಅಂತ ವಾದ ಮಾಡೋರಿಗೆ ನಾನು ಇದನ್ನೇ ಕಳಿಸೋದು.

ಕೊನೆಗೆ ಎರಡೂ ಸೇರಿಸಿ ನೋಡೋವಾಗ ನನ್ನ ಪ್ರಶ್ನೆ ಒಂದೇ, ಈ ವಿಡಿಯೋ ನೋಡಿದ ಮೇಲೆ ಹಾಡು ದೊಡ್ಡದಾಯ್ತಾ ಚಿಕ್ಕದಾಯ್ತಾ. ಮಳೆ ಅಂದಾಗ ಮಳೆ, ಹೃದಯ ಅಂದಾಗ ಎದೆ ಮೇಲೆ ಕೈ ತೋರಿಸೋ ವಿಡಿಯೋಗಳು ಹಾಡನ್ನ ಚಿಕ್ಕದು ಮಾಡ್ತವೆ, ಕೇಳುಗನ ತಲೆಯಲ್ಲಿ ಇರಬಹುದಾಗಿದ್ದ ನೂರು ಚಿತ್ರ ಹೋಗಿ ಒಂದೇ ಉಳಿಯುತ್ತೆ, ಅದೂ ಸಾಧಾರಣದ್ದು.

ಕೆ-ಪಾಪ್‌ಗೆ, ಅಂದ್ರೆ ಕೊರಿಯಾದ ಪಾಪ್‌ಗೆ ಬಂದ್ರೆ ಒಂದು ಅನುಕೂಲ ಇದೆ. ಮ್ಯೂಸಿಕ್ ವಿಡಿಯೋ ಬಂದ ಮೇಲೆ ಡ್ಯಾನ್ಸ್ ಪ್ರಾಕ್ಟೀಸ್ ವಿಡಿಯೋ ಅಂತ ಬೇರೆ ಬಿಡ್ತಾರೆ, ಒಂದು ರೂಮು, ಒಂದು ಕ್ಯಾಮೆರಾ, ಕಟ್ ಇಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಕುಣಿತ ಎಷ್ಟು, ಎಡಿಟಿಂಗ್ ಎಷ್ಟು ಅಂತ ತಿಳಿಯುತ್ತೆ. ನನಗೆ ಕೊರಿಯನ್ ಬರಲ್ಲ, ಹಾಗಾಗಿ ಸಾಹಿತ್ಯದ ಬಗ್ಗೆ ಬರೆಯೋ ಮುಂಚೆ ಅನುವಾದ ಒಂದಕ್ಕಿಂತ ಹೆಚ್ಚು ಕಡೆ ಹೋಲಿಸಿ ನೋಡ್ತೀನಿ, ಜಾಗದ ಹೆಸರು ಬಂದ್ರೆ ಆ ಜಾಗ ಎಂಥದ್ದು ಅಂತ ಓದ್ತೀನಿ. ಸೈ ಅನ್ನೋ ಕೊರಿಯನ್ ಗಾಯಕನ ಗ್ಯಾಂಗ್ನಮ್ ಸ್ಟೈಲ್ ಅನ್ನೇ ತಗೊಳ್ಳಿ, ಗ್ಯಾಂಗ್ನಮ್ ಅಂದ್ರೆ ಸೋಲ್ ನಗರದ ಶ್ರೀಮಂತರ ಏರಿಯಾ ಅಂತ ಗೊತ್ತಿಲ್ಲದೇ ಹೋದ್ರೆ, ಬೀಚಲ್ಲಿ ಮಲಗಿದಾನೆ ಅಂದ್ಕೊಂಡವನು ಮಕ್ಕಳು ಆಡೋ ಪಾರ್ಕಲ್ಲಿ ಇರೋದು ಯಾಕೆ, ಆ ಕುದುರೆ ಕುಣಿತ ಲಾಯದಲ್ಲಿ ಯಾಕೆ ಅಂತ ಅರ್ಥ ಆಗೋದೇ ಇಲ್ಲ. ಬರೀ ತಮಾಷೆ ಕುಣಿತ ಅಂತ ಬರೆದು ಮುಗಿಸ್ತೀವಿ.

ವ್ಯೂಸ್ ಬಗ್ಗೆಯೂ ಹೇಳಿಬಿಡ್ತೀನಿ. ಗ್ಯಾಂಗ್ನಮ್ ಸ್ಟೈಲ್ ವಿಡಿಯೋ 2012ರ ಡಿಸೆಂಬರಲ್ಲಿ ಯೂಟ್ಯೂಬಿನ ಇತಿಹಾಸದಲ್ಲೇ ಮೊದಲ ಸಲ ನೂರು ಕೋಟಿ ದಾಟಿದ್ದು ದೊಡ್ಡ ಸುದ್ದಿ, ಸುದ್ದಿಯಾಗಿ ಬರೆಯೋಣ. ರಿವ್ಯೂನಲ್ಲಿ ನಾನು ಯಾವತ್ತೂ ವ್ಯೂಸ್ ಹಾಕಲ್ಲ. ನಂಬರ್ ನೋಡಿದ ತಕ್ಷಣ ಓದೋರು ಹಾಡನ್ನ ಬಿಟ್ಟು ಆ ನಂಬರಿಗೆ ಉತ್ತರ ಕೊಡೋಕೆ ಶುರು ಮಾಡ್ತಾರೆ. ಅಭಿಮಾನಿಗಳು ಬೈತಾರೆ, ನಿಜ, ಆದ್ರೆ ಇಂಥಾ ನಿಮಿಷದಲ್ಲಿ ಇಂಥಾದ್ದು ಆಗಿದೆ ಅಂತ ಟೈಮ್ ಹಾಕಿ ಬರೆದಿದ್ರೆ ಬೈಯೋರು ಕೂಡ ವಾಪಸ್ ಹೋಗಿ ಕೇಳ್ತಾರೆ, ಅಷ್ಟು ಸಾಕು ನನಗೆ.

ನಮ್ಮ ಕಡೆಯ ಹಾಡು ಯಾವುದೂ ಇಲ್ವಾ ಅಂತ ಕೇಳಬೇಡಿ, ಇದೆ. 1995ರ ಮೇಡ್ ಇನ್ ಇಂಡಿಯಾ, ಅಲೀಷಾ ಚಿನಾಯ್ ಹಾಡಿದ್ದು, ಕೆನ್ ಘೋಷ್ ವಿಡಿಯೋ, ಮಿಲಿಂದ್ ಸೋಮನ್ ಬರ್ತಾರಲ್ಲ ಅದು. ಸಂಗೀತ ಬಿದ್ದು ಅವರದ್ದು, ಬಿದ್ದು ಅಪ್ಪಯ್ಯ, ಬೆಂಗಳೂರಲ್ಲಿ ಹುಟ್ಟಿದ ಕೊಡವರು. ಇಂಗ್ಲೆಂಡಿಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ಕುಂಗ್ ಫೂ ಫೈಟಿಂಗ್ ನಿರ್ಮಿಸಿದವರು, ಅದು ಬ್ರಿಟನ್ ಅಮೆರಿಕ ಎರಡೂ ಕಡೆ ನಂಬರ್ ಒನ್. 1981ರಲ್ಲಿ ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್ ಅವರ ಡಿಸ್ಕೋ ದೀವಾನೆ ಕೂಡ ಇವರದ್ದೇ. ಇಷ್ಟು ದೊಡ್ಡ ಪಾಪ್ ನಿರ್ಮಾಪಕರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ, ಅದು ನನಗೆ ನಿಜವಾಗ್ಲೂ ನೋವು. ಮೇಡ್ ಇನ್ ಇಂಡಿಯಾ ಬಗ್ಗೆ ಮಾತಾಡಿದ್ರೆ ಎಲ್ಲರೂ ಅರಮನೆ, ರಾಜಕುಮಾರಿ, ಸಾಲು ನಿಂತ ಮದುವೆ ಗಂಡುಗಳು, ಮಿಲಿಂದ್ ಅಂತ ವಿಡಿಯೋನೇ ನೆನೆಸ್ಕೋತಾರೆ. ವಿಡಿಯೋ ಬಿಟ್ಟು ಒಂದ್ಸಲ ಕೇಳಿ, ಮಾತು ಎಷ್ಟು ಕಡಿಮೆ ಇದೆ, ಅದೇ ಸಾಲು ತಿರುಗಿ ಬಂದಾಗ ಬೇಸರ ಬರದ ಹಾಗೆ ರಾಗವನ್ನ ಎಷ್ಟು ಸಲೀಸಾಗಿ ಇಟ್ಟಿದಾರೆ ಅಂತ. ನನ್ನ ಲೆಕ್ಕದಲ್ಲಿ ಅಲ್ಲಿ ಹಾಡೇ ಮೇಲು, ವಿಡಿಯೋ ಎರಡನೇದು.

ಕನ್ನಡದಲ್ಲಿ ಈಗ ಸಿನಿಮಾದ ಹೊರಗೆ ಸಿಂಗಲ್ಸ್ ಬರ್ತಿವೆ, ಚಂದನ್ ಶೆಟ್ಟಿ, ಆಲ್ ಓಕೆ ಅಂಥ ರ್ಯಾಪರ್‌ಗಳು ಹೆಸರು ಮಾಡಿದ್ದು ಹಾಗೇ, ಅದಕ್ಕೂ ಮುಂಚೆ 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಮ್ಮಲ್ಲಿ ಶಿಶುನಾಳ ಶರೀಫರ ಪದಗಳನ್ನ ಗಿಟಾರ್ ಜೊತೆ ಹಾಡಿದ್ರು. ಇವಕ್ಕೂ ನನ್ನ ಅಳತೆ ಅದೇ, ನಮ್ಮವರು ಅಂತ ರಿಯಾಯಿತಿ ಕೊಡಲ್ಲ, ಕೊಟ್ರೆ ಅದು ಅವರಿಗೆ ಮಾಡೋ ಅವಮಾನ. ಸಿನಿಮಾ ಹಾಡಿನ ಲಿರಿಕಲ್ ವಿಡಿಯೋನ ಮಾತ್ರ ನಾನು ವಿಡಿಯೋ ಅಂತ ತೂಗಲ್ಲ. ಒಂದಿಷ್ಟು ಸ್ಟಿಲ್ಸ್ ಮೇಲೆ ಸಾಹಿತ್ಯ ಓಡ್ತಿರುತ್ತೆ, ಅದು ಪ್ರಚಾರಕ್ಕೆ ಮಾಡಿದ್ದು, ಆಗ ಆಡಿಯೋ ರಿವ್ಯೂ ಅಷ್ಟೇ ಬರೆದು, ಪೂರ್ತಿ ವಿಡಿಯೋ ಸಾಂಗ್ ಬಂದ ಮೇಲೆ ಇನ್ನೊಂದು ಪ್ಯಾರಾ ಸೇರಿಸ್ತೀನಿ.

ಬರೆದ ಮೇಲೆ ತಂಗಿಗೆ ಓದಿ ಹೇಳ್ತೀನಿ, ಅವಳು ಆ ಹಾಡು ಕೇಳಿರಬಾರದು. "ಅಕ್ಕಾ, ಎಲ್ಲಿ ಹಾಕು ನೋಡೋಣ" ಅಂದ್ರೆ ಸರಿ. "ಅದ್ಸರಿ, ಹಾಡು ಹೆಂಗಿದೆ?" ಅಂತ ಕೇಳಿದ್ರೆ ನಾನು ಅಭಿಪ್ರಾಯ ಹೇಳಿದೀನಿ, ಹಾಡು ಕೇಳಿಸಿಲ್ಲ ಅಂತ. ಆಗ ಅದ್ಭುತ, ಸೂಪರ್, ಮಸ್ತ್ ಇವನ್ನೆಲ್ಲಾ ಹೊಡೆದು ಹಾಕಿ ಅಲ್ಲಿ ಏನು ಆಗುತ್ತೆ ಅನ್ನೋದನ್ನ ಬರೀತೀನಿ, ಬೇಸ್ ಎಲ್ಲಿ ನಿಲ್ಲುತ್ತೆ, ದನಿ ಎಲ್ಲಿ ಒಡೆಯುತ್ತೆ, ಕ್ಯಾಮೆರಾ ಎಲ್ಲಿ ಹತ್ರ ಬರುತ್ತೆ. ಸ್ಟಾರ್ ಕೊಡಲ್ಲ. ಲಿಂಕ್ ಎರಡು ಹಾಕ್ತೀನಿ, ಆಡಿಯೋದ್ದು ಮೇಲೆ, ವಿಡಿಯೋದ್ದು ಎಲ್ಲಕ್ಕಿಂತ ಕೆಳಗೆ.