ಚಾಟ್ ಪುಟ ಎಷ್ಟು ಮಾತಾಡಬೇಕು?

ಆಫೀಸಿನವರು ದಿನವಿಡೀ ಬಳಸುವ ಸೈಟ್. ಅದರಲ್ಲಿ ಚಾಟ್ ಇದೆ, ಟಾಸ್ಕ್ ಬೋರ್ಡ್ ಇದೆ. ಅದನ್ನು ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸುವವರಿಗೆ ಒಗ್ಗಿಸುವ ಕೆಲಸ ನನ್ನ ಪಾಲಿಗೆ ಬಂತು. ಚಿತ್ರಕ್ಕೆ ವಿವರಣೆ, ಫಾರಂಗೆ ಲೇಬಲ್, ಸರಿಯಾದ ಹೆಡಿಂಗ್ ಇವೆಲ್ಲ ಯಾವ ಸೈಟಿಗಾದರೂ ಬೇಕೇ ಬೇಕು. ಇಂಥ ಸೈಟಿನ ತಲೆನೋವು ಬೇರೆ. ನೀವು ಸುಮ್ನೆ ಕೂತಿದ್ದರೂ ಪುಟ ಬದಲಾಗುತ್ತಲೇ ಇರುತ್ತದೆ. ಕಣ್ಣಿಗಾದರೆ ಓರೆನೋಟ ಸಾಕು. ಕಿವಿಗೆ ಆ ಸೌಲಭ್ಯ ಇಲ್ಲವಲ್ಲ.

ಮಾನಿಟರ್ ಆಫ್ ಮಾಡಿ, ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಹಾಕಿಕೊಂಡು, ಬರೀ ಕೀಬೋರ್ಡ್ ಹಿಡಿದು ಕೂತೆ. ಟೂಲ್‌ಬಾರ್ ಮೇಲೆ ಟ್ಯಾಬ್ ಒತ್ತಿದರೆ "ಬಟನ್, ಬಟನ್, ಬಟನ್" ಅಂತ ಕೇಳಿಸಿತು. ಐಕಾನ್ ಇದೆ, ಹೆಸರಿಲ್ಲ. ರೀಡರ್ ಓದಬೇಕಾದ ಹೆಸರನ್ನು ಕೋಡಿನಲ್ಲಿ ಹೇಳುವ ಅರಿಯಾ-ಲೇಬಲ್ ಕೊಟ್ಟೆ. ಬಟನ್ ವೇಷ ಹಾಕಿದ್ದ ಡಿವ್‌ಗಳನ್ನು (ಬರೀ ಚೌಕಟ್ಟಿನಂಥ ಟ್ಯಾಗ್) ತೆಗೆದು ನಿಜವಾದ ಬಟನ್ ಟ್ಯಾಗ್ ಹಾಕಿದೆ. ಟ್ಯಾಬ್, ಎಂಟರ್, ಸ್ಪೇಸ್ ಎಲ್ಲ ತಾವಾಗಿಯೇ ಕೆಲಸ ಮಾಡಿದವು.

ಜಾಸ್ತಿ ಹೊತ್ತು ತಿಂದಿದ್ದು ಚಾಟ್. ಮೆಸೇಜ್ ಪಟ್ಟಿಯೇ ಲೈವ್ ರೀಜನ್ ಆಗಿತ್ತು, ಅಂದರೆ ಹೊಸದಾಗಿ ಏನು ಸೇರಿದರೂ ರೀಡರ್ ತಾನಾಗಿಯೇ ಓದುವ ಜಾಗ. ಹಾಗಾಗಿ ಮೇಲಕ್ಕೆ ಹೋಗಿ ಹಳೇ ಮೆಸೇಜ್ ತೆರೆದರೂ ಅವನ್ನೂ ಹೊಸದೆಂದು ಓದುತ್ತಿತ್ತು. ಯಾರೋ ಟೈಪ್ ಮಾಡುತ್ತಿದ್ದಾರೆ ಅನ್ನೋದೂ ಅದರ ನಡುವೆ! ಪಟ್ಟಿಯನ್ನು ಮೌನವಾಗಿಸಿ, ಘೋಷಣೆಗೆಂದೇ ಬೇರೆ ಖಾಲಿ ಡಿವ್ ಇಟ್ಟೆ. ಅದು ಪುಟ ತೆರೆದಾಗಲೇ ಇರಬೇಕು. ಪಠ್ಯದ ಜೊತೆಗೇ ಹುಟ್ಟಿಸಿದರೆ ಎಷ್ಟೋ ಸಲ ಓದುವುದೇ ಇಲ್ಲ. ಹೊಸ ಮೆಸೇಜಿಗೆ ಲೈವ್ ರೀಜನ್ನಿನ ಪೊಲೈಟ್ ಎಂಬ ಆಯ್ಕೆ ಸಾಕು, ನಡೆಯುತ್ತಿರುವ ಮಾತು ಮುಗಿಯುವ ತನಕ ಕಾಯುತ್ತದೆ. ಮಾತನ್ನು ಅರ್ಧಕ್ಕೇ ಕಡಿಯುವ ಅಸರ್ಟಿವ್ ಆಯ್ಕೆಯನ್ನು "ಮೆಸೇಜ್ ಹೋಗಲಿಲ್ಲ" ಅನ್ನುವುದಕ್ಕೆ ಮಾತ್ರ ಇಟ್ಟುಕೊಂಡೆ. ಒಟ್ಟಿಗೆ ಬಂದವನ್ನು ಸೇರಿಸಿ "ಐದು ಹೊಸ ಮೆಸೇಜ್" ಅಂತ ಒಂದೇ ಸಲ ಹೇಳಿಸಿದೆ.

ಬೋರ್ಡಿನಲ್ಲಿ ಕಾರ್ಡನ್ನು ಮೌಸಿನಿಂದ ಎಳೆದೇ ಸರಿಸಬೇಕಿತ್ತು. ಎಳೆಯದೆಯೂ ಆ ಕೆಲಸ ಆಗಬೇಕು ಅಂತ ವೆಬ್ ಎಲ್ಲರಿಗೂ ಬಳಸಲು ಬರಬೇಕೆನ್ನುವ ಮಾರ್ಗಸೂಚಿಯ 2023ರ ಆವೃತ್ತಿ, ಡಬ್ಲ್ಯುಸಿಎಜಿ 2.2, ಕೇಳುತ್ತದೆ. ಕೀಬೋರ್ಡಿನಿಂದ ಆಗಬೇಕು ಅನ್ನೋದಂತೂ ಮೊದಲಿಂದಲೂ ಇದೆ. ಪ್ರತಿ ಕಾರ್ಡಿಗೂ "ಸರಿಸಿ" ಮೆನು ಕೊಟ್ಟೆ. ಸರಿಸಿದ ಮೇಲೆ ಫೋಕಸ್ (ಕೀಬೋರ್ಡ್ ಆಗ ನಿಂತಿರುವ ಜಾಗ) ಅದೇ ಕಾರ್ಡಿನ ಮೇಲೆ ಉಳಿಯಬೇಕು, "ಮುಗಿದಿದೆ ಪಟ್ಟಿ, 4ರಲ್ಲಿ 2ನೆಯದು" ಅಂತ ಕೇಳಿಸಬೇಕು. ನೀವು ನಿಂತಿರುವ ಕಾರ್ಡನ್ನೇ ಬೇರೆಯವರು ಅಳಿಸಿದರೆ? ಫೋಕಸ್ ಪುಟದ ಮೇಲ್ತುದಿಗೆ ಹಾರಿಬಿಡುತ್ತದೆ. ಅದನ್ನು ಪಕ್ಕದ ಕಾರ್ಡಿಗೆ ಕಳಿಸಿ, ಅಳಿಸಿದ್ದು ಯಾರೆಂದು ಹೇಳಿಸಿದೆ.

ಆಟೊಮ್ಯಾಟಿಕ್ ಪರೀಕ್ಷೆಯ ಟೂಲ್ ಬಿಟ್ಟುಹೋದ ಲೇಬಲ್ ಹಿಡಿಯುತ್ತದೆ, ಗದ್ದಲವನ್ನು ಹಿಡಿಯಲ್ಲ. ಅದಕ್ಕೆ ದಿನಾ ಜಾಸ್ ಅನ್ನೋ ಸ್ಕ್ರೀನ್ ರೀಡರ್ ಬಳಸುವ ಸಹೋದ್ಯೋಗಿಯೊಬ್ಬರ ಪಕ್ಕ ಕೂತೆ. ಅವರ ರೀಡರ್ ಓಡುವ ವೇಗಕ್ಕೆ ನನಗೆ ಒಂದು ಪದವೂ ಸಿಗಲಿಲ್ಲ. ಅವರು ಕೇಳಿದ್ದು ಎರಡೇ. ಒಂದು, ನಮ್ಮ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಹೆಡಿಂಗಿಗೆ, ಲಿಂಕಿಗೆ ಹಾರಲು ರೀಡರ್ ಬಳಸುವ ಎಚ್, ಕೆ ಕೀಗಳ ಜೊತೆ ಜಗಳ ಆಡುತ್ತವೆ, ಆಫ್ ಮಾಡೋಕೆ ದಾರಿ ಕೊಡಿ. ಇನ್ನೊಂದು, "ನನ್ನ ಹೆಸರು ಬಂದಾಗ ಮಾತ್ರ ಹೇಳಲಿ, ಉಳಿದದ್ದು ನಾನೇ ಹೋಗಿ ಓದ್ತೀನಿ." ಎರಡೂ ಈಗ ಸೆಟ್ಟಿಂಗ್ಸ್‌ನಲ್ಲಿವೆ.